ಮಾರಿದ ಸರಕನ್ನು ಹಿಂದಕ್ಕೆ ಪಡೆಯುತ್ತಿದ್ದ ಅಂಗಡಿ

ಜವಳಿ ಅಂಗಡಿಗೆ ಹೋಗಿ ಬಟ್ಟೆ ತಂದ ಮೇಲೆ ಅಂಗಡಿಯವರು ಕೊಟ್ಟ ರಸೀದಿಯನ್ನು ಕೊನೆಯವರೆಗೂ ಓದುವವರು ಕಡಮೆ. ಓದಿದರೆ, ಅದರ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಅಚ್ಚಾಗಿರುವುದು ಕಾಣುತ್ತದೆ: “ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.” ನಮ್ಮ ಪೇಟೆಗಳಲ್ಲಿ ಈ ಸಾಲಿಗೆ ಶಾಸನದ ಬಲವೇ ಬಂದುಬಿಟ್ಟಿದೆ. ಹಬ್ಬಕ್ಕೆಂದು ತಂದ ಸೀರೆ ಮೊದಲನೆಯ ಒಗೆತಕ್ಕೇ ಬಣ್ಣ ಬಿಟ್ಟಿತೆನ್ನಿ. ಮನೆಯಾಕೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಗೊಣಗುತ್ತಾರೆ; ಯಜಮಾನರು, “ಏನು ಮಾಡುವುದು, ಅವನು ವಾಪಸು ತೆಗೆದುಕೊಳ್ಳುವುದಿಲ್ಲವಲ್ಲ” ಎಂದು ಪತ್ರಿಕೆಯ ಪುಟ ತಿರುವುತ್ತಾರೆ. ಆರು ತಿಂಗಳ ಮೇಲೆ ಆ ಸೀರೆ ಪಾತ್ರೆ ಮಾರುವವಳ ಬುಟ್ಟಿ ಸೇರುತ್ತದೆ. ವ್ಯವಹಾರ ಅಲ್ಲಿಗೆ ಮುಗಿಯಿತು.

ಇದಕ್ಕೆ ತೀರ ವಿರುದ್ಧವಾದ ನಡೆಯಿಂದಲೇ ಹೆಸರು ಗಳಿಸಿದ ಒಂದು ಅಂಗಡಿಯ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅಂಗಡಿ ನಮ್ಮ ದೇಶದ್ದಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ ಜಾರ್ಜಿಯ ಎಂಬ ಸಂಸ್ಥಾನವಿದೆ. ಅದರ ರಾಜಧಾನಿ ಅಟ್ಲಾಂಟ. ಆ ಊರಿನಲ್ಲಿ 1867ರಲ್ಲಿ ಹುಟ್ಟಿ, ಒಂದೇ ಮನೆತನದ ಕೈಯಲ್ಲಿ ನೂರು ವರ್ಷಕ್ಕೂ ಮೇಲೆ ಬೆಳೆದು, ಸುತ್ತಿನ ಊರುಗಳಿಗೆಲ್ಲ ಹರಡಿ, 2005ರಲ್ಲಿ ಹೆಸರು ಕಳೆದುಕೊಂಡ ‘ರಿಚ್ಸ್’ ಎಂಬ ಅಂಗಡಿಯ ಕಥೆ ಇದು. ರಿಚ್ ಎಂದರೆ ಇಂಗ್ಲಿಷಿನಲ್ಲಿ ಶ್ರೀಮಂತ. ಆದರೆ ಇಲ್ಲಿ ಅದು ಮನೆತನದ ಹೆಸರು. ಹೆಸರಿಟ್ಟುಕೊಂಡಾತ ಬಂದಾಗ ಅವನ ಜೇಬು ಬರಿದಾಗಿಯೇ ಇತ್ತು.

ಇಂಥ ಅಂಗಡಿಯನ್ನು ಇಂಗ್ಲಿಷಿನಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಎನ್ನುತ್ತಾರೆ. ಒಂದು ಮಹಡಿಯಲ್ಲಿ ಜವಳಿ, ಇನ್ನೊಂದರಲ್ಲಿ ಪಾದರಕ್ಷೆ, ಮತ್ತೊಂದರಲ್ಲಿ ಪಾತ್ರೆ ಪಡಗ, ಮೇಲೆ ಕುರ್ಚಿ ಮೇಜು ಮಂಚಗಳು. ನಮ್ಮ ಒಂದು ಇಡೀ ಪೇಟೆ ಬೀದಿಯನ್ನು ಮಡಿಸಿ ಒಂದರ ಮೇಲೊಂದಾಗಿ ಒಂದೇ ಸೂರಿನ ಕೆಳಗೆ ಜೋಡಿಸಿಟ್ಟಂತೆ. ಈ ಪದ್ಧತಿಗೆ ರೂಪ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಪ್ಯಾರಿಸ್ಸಿನಲ್ಲಿ ಬೂಸಿಕೋ ಎಂಬಾತ ಚೌಕಾಸಿಗೆ ಎಡೆಯಿಲ್ಲದಂತೆ ಸರಕಿನ ಮೇಲೆ ಬೆಲೆ ಬರೆಸಿದ. ಬೇಡವಾದದ್ದನ್ನು ಹಿಂದಕ್ಕೆ ತರಬಹುದೆಂದೂ ಸಾರಿದ. ಅಮೆರಿಕದ ದೊಡ್ಡ ಊರುಗಳಲ್ಲಿ ಅಂಥ ಅಂಗಡಿಗಳು ಸಾಲುಸಾಲಾಗಿ ಎದ್ದವು. ಬಹುಪಾಲು ಒಂದೊಂದು ಕುಟುಂಬದವು. ಊರಿಗೊಂದು ದೊಡ್ಡ ದೇವಸ್ಥಾನವಿರುವಂತೆ ಊರಿಗೊಂದು ಮನೆತನದ ಅಂಗಡಿ.

ಮಾರಿಸ್ ರಿಚ್ ಹುಟ್ಟಿದ್ದು 1847ರಲ್ಲಿ, ಆಗ ಹಂಗೆರಿಗೆ ಸೇರಿದ್ದ ಕಶೌ ಎಂಬ ಊರಿನಲ್ಲಿ. ಯಹೂದಿ ಕುಟುಂಬ. ಇನ್ನೂ ಹುಡುಗನಾಗಿದ್ದಾಗಲೇ ಅಣ್ಣ ವಿಲಿಯಮ್ಮನೊಂದಿಗೆ ಹಡಗು ಹತ್ತಿ ಅಮೆರಿಕಕ್ಕೆ ಬಂದ. ಓಹೈಯೊ ಪ್ರಾಂತದಲ್ಲಿ ಕೆಲಕಾಲ ಬೆನ್ನ ಮೇಲೆ ಗಂಟು ಹೊತ್ತು ಮನೆಮನೆಗೆ ಸರಕು ಮಾರಿದ. ತಲೆಯ ಮೇಲೆ ಸೀರೆಗಂಟು ಹೊತ್ತು ಬೀದಿ ಬೀದಿ ತಿರುಗುವವರನ್ನು ನೀವು ಕಂಡಿದ್ದೀರಷ್ಟೆ, ಅದೇ ಕಸುಬು. ಅಂತರ್ಯುದ್ಧ ಮುಗಿದ ಮೇಲೆ ಅಣ್ಣತಮ್ಮಂದಿರು ದಕ್ಷಿಣಕ್ಕೆ ಬಂದರು. ಅಟ್ಲಾಂಟ ಆಗ ಊರೆನ್ನುವ ಸ್ಥಿತಿಯಲ್ಲಿರಲಿಲ್ಲ. 1864ರ ನವೆಂಬರಿನಲ್ಲಿ ಶೆರ್ಮನ್ ಸೇನಾಪತಿಯ ಸೈನ್ಯ ಅದಕ್ಕೆ ಬೆಂಕಿಯಿಟ್ಟು ಹೋಗಿತ್ತು. ಸುಟ್ಟ ಗೋಡೆಗಳ ನಡುವೆ ಜನ ಹಲಗೆ ತಗಡು ಹೊಂದಿಸಿಕೊಂಡು ಮತ್ತೆ ಬದುಕು ಕಟ್ಟುತ್ತಿದ್ದರು.

1867ರ ಮೇ ತಿಂಗಳಿನಲ್ಲಿ, ಇಪ್ಪತ್ತು ವರ್ಷದ ಮಾರಿಸ್ ಅಣ್ಣನಿಂದ 500 ಡಾಲರು ಸಾಲ ಪಡೆದು ವೈಟ್‌ಹಾಲ್ ಬೀದಿಯಲ್ಲಿ ಒಂದು ಸಣ್ಣ ಜವಳಿ ಅಂಗಡಿ ತೆರೆದ. ಜಾರ್ಜಿಯದ ಮಣ್ಣು ಕೆಂಪು. ನಮ್ಮ ಮಲೆನಾಡಿನ ಮಣ್ಣಿನ ಹಾಗೆ ಮಳೆ ಬಿದ್ದರೆ ಕಾಲು ಹೂತುಹೋಗುವ ಕೆಸರು. ಗಾಡಿಯಿಂದಿಳಿದ ಹೆಂಗಸರ ಲಂಗದ ಅಂಚು ಕೆಸರಾಗದಿರಲೆಂದು ಅವನು ಬಾಗಿಲ ಮುಂದೆ ಮರದ ಹಲಗೆಗಳನ್ನು ಹಾಸಿದ. ಇದು ಆ ಮನೆತನದವರು ಮತ್ತೆ ಮತ್ತೆ ಹೇಳಿಕೊಂಡು ಬಂದ ಕಥೆ. ಹೆಚ್ಚು ಮಾರಾಟವಾಗುತ್ತಿದ್ದ ಸರಕು ಎರಡು: ಐವತ್ತು ಸೆಂಟಿನ ಒಳಕುಪ್ಪಸ, ಇಪ್ಪತ್ತೈದು ಸೆಂಟಿನ ಕಾಲುಚೀಲ. ಕೈಯಲ್ಲಿ ಕಾಸಿಲ್ಲದ ರೈತ ಕೋಳಿಯನ್ನೋ ಮೊಟ್ಟೆಯನ್ನೋ ಮುಸುಕಿನ ಜೋಳವನ್ನೋ ತಂದರೆ ಅದಕ್ಕೂ ಬಟ್ಟೆ ಸಿಗುತ್ತಿತ್ತು. ಮುಂದೆ ತಮ್ಮ ಇಮಾನ್ಯುಯಲ್, ಆಮೇಲೆ ಡೇನಿಯಲ್ ಪಾಲುದಾರರಾಗಿ ಸೇರಿದರು. ಅಂಗಡಿ ಬೀದಿಯಲ್ಲೇ ಒಂದು ಮನೆಯಿಂದ ಇನ್ನೊಂದು ಮನೆಗೆ, ಪ್ರತಿಸಲವೂ ಹಿಂದಿನದಕ್ಕಿಂತ ದೊಡ್ಡದಕ್ಕೆ ಸಾಗಿತು. 1924ರಲ್ಲಿ ಬ್ರಾಡ್ ಬೀದಿ ಅಲಬಾಮ ಬೀದಿಗಳು ಕೂಡುವಲ್ಲಿ ಇಟಲಿಯ ಅರಮನೆಗಳ ಮಾದರಿಯ ಭವ್ಯ ಕಟ್ಟಡ ಎದ್ದು ನಿಂತಿತು. ಅದನ್ನು ಕಣ್ಣಾರೆ ನೋಡಿ 1928ರಲ್ಲಿ ಮಾರಿಸ್ ರಿಚ್ ತೀರಿಕೊಂಡರು.

ಈಗ ಸರಕು ಹಿಂದಕ್ಕೆ ಪಡೆಯುವ ವಿಷಯಕ್ಕೆ ಬರೋಣ. ಬೇರೆ ಅಂಗಡಿಗಳೂ ಹಿಂದಕ್ಕೆ ಪಡೆಯುತ್ತಿದ್ದವು. ಆದರೆ ರಸೀದಿ ಎಲ್ಲಿ, ಎಷ್ಟು ದಿನವಾಯಿತು, ತೊಟ್ಟಿದ್ದೀರಾ, ಒಗೆದಿದ್ದೀರಾ ಎಂದು ಪಾಟೀಸವಾಲು ಹಾಕಿ ಪಡೆಯುತ್ತಿದ್ದವು. ರಿಚ್ಸ್ ಅಂಗಡಿಯಲ್ಲಿ ಪ್ರಶ್ನೆಯೇ ಇರಲಿಲ್ಲ. ತಕರಾರು ಏನು, ಅದಕ್ಕೆ ಪರಿಹಾರವೇನು ಎಂಬುದನ್ನು ಗಿರಾಕಿಯೇ ಹೇಳತಕ್ಕದ್ದು, ಅಂಗಡಿ ಅದರಂತೆ ನಡೆಯತಕ್ಕದ್ದು. ಎಷ್ಟೋ ಸಲ ಗಿರಾಕಿ ತಂದ ಸರಕು ಈ ಅಂಗಡಿಯಲ್ಲಿ ಕೊಂಡದ್ದೇ ಆಗಿರುತ್ತಿರಲಿಲ್ಲ. ಗುಮಾಸ್ತನಿಗೆ ಅದು ನೋಡಿದ ಕೂಡಲೇ ತಿಳಿಯುತ್ತಿತ್ತು. ಆದರೂ ಹಣ ಕೊಟ್ಟು ಕಳುಹಿಸುತ್ತಿದ್ದರು.

ಇದು ಹುಚ್ಚುತನವೆಂದು ನಿಮಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಲೆಕ್ಕ ಹಾಕಿ ನೋಡಿ. ನೂರು ಜನರಲ್ಲಿ ಇಬ್ಬರೋ ಮೂವರೋ ಮೋಸಗಾರರಿದ್ದಾರು. ಅವರನ್ನು ಹಿಡಿಯುವುದಕ್ಕೆಂದು ಉಳಿದ ತೊಂಬತ್ತೇಳು ಜನರನ್ನು ಕಳ್ಳರಂತೆ ವಿಚಾರಿಸಿದರೆ, ಆ ತೊಂಬತ್ತೇಳು ಜನ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಂಬಿದರೆ ತಾವು ಬರುವುದಲ್ಲದೆ ಮಕ್ಕಳನ್ನೂ ಕರೆತರುತ್ತಾರೆ. ಪಕ್ಕಾ ವ್ಯಾಪಾರದ ಬುದ್ಧಿಯೇ. ಆದರೂ ಅದನ್ನು ಬರಿಯ ಬುದ್ಧಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಲಾಭದ ಲೆಕ್ಕವೂ ಮರ್ಯಾದೆಯೂ ಒಂದೇ ದಾರಿಯಲ್ಲಿ ನಡೆಯುವಾಗ ಯಾವುದು ಮುಂದೆ, ಯಾವುದು ಹಿಂದೆ ಎಂದು ಬೇರ್ಪಡಿಸುವುದು ಕಷ್ಟ.

ಕಷ್ಟಕಾಲದಲ್ಲಿ ಅಂಗಡಿ ನಡೆದುಕೊಂಡ ರೀತಿ ಹೀಗಿತ್ತು. ಜಾರ್ಜಿಯ ಹತ್ತಿ ಬೆಳೆಯುವ ನಾಡು. ಹತ್ತಿಯ ಬೆಲೆ ನೆಲ ಕಚ್ಚಿದಾಗ ರೈತರು ಸಾಲಕ್ಕೆ ಬದಲಾಗಿ ಹತ್ತಿಯ ಅಂಡಿಗೆಗಳನ್ನೇ ತಂದು ಹಾಕಲು ಅಂಗಡಿ ಒಪ್ಪಿತು. 1930ರ ಸುಮಾರಿನಲ್ಲಿ, ಜಗತ್ತಿನಾದ್ಯಂತ ಮುಗ್ಗಟ್ಟು ಬಂದಿದ್ದಾಗ, ಅಟ್ಲಾಂಟದ ಪುರಸಭೆಯ ಬೊಕ್ಕಸ ಬರಿದಾಯಿತು. ಶಾಲೆಯ ಉಪಾಧ್ಯಾಯರಿಗೆ ಸಂಬಳದ ಬದಲು ಕಾಗದದ ಚೀಟಿಗಳನ್ನು ಕೊಟ್ಟರು. ಮುಂದೆಂದಾದರೂ ಹಣ ಕೊಡುತ್ತೇವೆಂಬ ವಾಗ್ದಾನದ ಚೀಟಿ. ಆ ಚೀಟಿಯಿಂದ ಅಕ್ಕಿ ಬೇಳೆ ಬರುತ್ತದೆಯೆ? ಆಗ ಅಂಗಡಿಯ ಅಧ್ಯಕ್ಷರಾಗಿದ್ದವರು ಮಾರಿಸರ ಸೋದರನ ಮಗ ವಾಲ್ಟರ್ ರಿಚ್. ಚೀಟಿಗಳನ್ನು ತಮ್ಮ ಅಂಗಡಿಗೆ ತಂದರೆ, ಒಂದು ಕಾಸನ್ನೂ ಮುರಿದುಕೊಳ್ಳದೆ ಪೂರ್ತಿ ಹಣ ಎಣಿಸುತ್ತೇವೆಂದು ಅವರು ಸಾರಿದರು. ಅಂಗಡಿಯಲ್ಲಿ ಏನನ್ನಾದರೂ ಕೊಳ್ಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ಆ ದಿನ ಹಣ ಪಡೆದ ಮೇಷ್ಟರುಗಳ ಮನೆಯವರು ಮುಂದೆ ಎರಡು ತಲೆಮಾರು ಬೇರೆ ಅಂಗಡಿಯ ಮೆಟ್ಟಿಲು ಹತ್ತಿರಲಾರರೆಂದು ಬೇರೆ ಹೇಳಬೇಕೆ!

ರಿಚ್ ಮನೆತನ ಒಂದು ಧರ್ಮನಿಧಿಯನ್ನೂ ಸ್ಥಾಪಿಸಿತ್ತು. ಆ ನಿಧಿಯ ನೆರವಿನಿಂದ 1948ರಲ್ಲಿ ಅಟ್ಲಾಂಟದ ಶಾಲಾ ಮಂಡಲಿ ಒಂದು ಬಾನುಲಿ ನಿಲಯವನ್ನು ತೆರೆದು ಮಕ್ಕಳಿಗೆ ಪಾಠಗಳನ್ನು ಬಿತ್ತರಿಸತೊಡಗಿತು. ಡಬ್ಲ್ಯು.ಎ.ಬಿ.ಇ. ಎಂಬ ಹೆಸರಿನ ಆ ನಿಲಯ ಅಂಗಡಿ ಹೋದ ಮೇಲೂ ಉಳಿದು ಬಂದಿದೆ. ಬಾನುಲಿ ಕೇಳುವ ಮನೆಗಳವರಾದ ನಿಮಗೆ ಇದು ರುಚಿಸೀತೆಂದು ಹೇಳಿದೆ. ಅದೇ ವರ್ಷ ಫೋರ್ಸೈತ್ ಬೀದಿಯ ಆಚೆ ಗೃಹೋಪಯೋಗಿ ಸರಕುಗಳಿಗೆಂದು ಇನ್ನೊಂದು ಕಟ್ಟಡ ಎದ್ದಿತು. ಹಳೆಯದಕ್ಕೂ ಹೊಸದಕ್ಕೂ ನಡುವೆ, ಬೀದಿಯ ಮೇಲೆ, ನಾಲ್ಕು ಅಂತಸ್ತಿನ ಗಾಜಿನ ಸೇತುವೆ. ನವೆಂಬರಿನ ಕೃತಜ್ಞತಾ ಹಬ್ಬದ ರಾತ್ರಿ ಆ ಸೇತುವೆಯ ನೆತ್ತಿಯ ಮೇಲೆ ದೊಡ್ಡ ಕ್ರಿಸ್ಮಸ್ ಮರ ನಿಲ್ಲಿಸಿ ದೀಪ ಹೊತ್ತಿಸುತ್ತಿದ್ದರು. ಒಂದೊಂದು ಮಹಡಿಯ ಗಾಜಿನ ಹಿಂದೆ ಒಂದೊಂದು ಗಾಯಕ ಮೇಳ ನಿಂತು ಹಾಡುತ್ತಿತ್ತು. ಕೆಳಗೆ ಬೀದಿಯಲ್ಲಿ ಸಾವಿರಾರು ಜನ ಚಳಿಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿರುತ್ತಿದ್ದರು. ಮಕ್ಕಳಿಗೆ ಹಂದಿಯ ಮುಖದ ನಸುಗೆಂಪು ಬಣ್ಣದ ಪುಟ್ಟ ರೈಲೂ ಇತ್ತು. ನಮ್ಮಲ್ಲಿ ದಸರಾ ನೆನಪಾದರೆ ಮೈಸೂರು ನೆನಪಾಗುವ ಹಾಗೆ, ಆ ಊರಿನವರಿಗೆ ಕ್ರಿಸ್ಮಸ್ ಎಂದರೆ ರಿಚ್ಸ್ ನೆನಪು.

ಆರನೆಯ ಮಹಡಿಯಲ್ಲಿ ಮ್ಯಾಗ್ನೋಲಿಯ ರೂಮ್ ಎಂಬ ಉಪಾಹಾರ ಮಂದಿರವಿತ್ತು. ಅಂಗಡಿ ಸುತ್ತಿ ದಣಿದ ಹೆಂಗಸರು ಅಲ್ಲಿ ಕುಳಿತು ಚಹಾ ಕುಡಿದು, ಆ ಮಂದಿರದ ಹೆಸರುವಾಸಿ ತೆಂಗಿನಕಾಯಿಯ ಕೇಕು ತಿಂದು, ಮತ್ತೆ ಕೆಳಗಿಳಿದು ಇನ್ನಷ್ಟು ಕೊಳ್ಳುತ್ತಿದ್ದರು. ನಾನು ನಿಜವಾಗಿ ಹೇಳಬೇಕಾದ ಸಂಗತಿ ಶುರುವಾಗುವುದು ಈ ಕೋಣೆಯಲ್ಲಿ.

ಗಿರಾಕಿಯ ಮಾತನ್ನು ಪ್ರಶ್ನಿಸದ ಅಂಗಡಿ ಎಂದೆನಲ್ಲ. ಗಿರಾಕಿಗಳು ಯಾರು? 1960ರಲ್ಲಿ ಅಟ್ಲಾಂಟದ ನಿವಾಸಿಗಳಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಕಪ್ಪು ಬಣ್ಣದವರು. ಹಿಂದೆ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು. ದಕ್ಷಿಣದ ಅನೇಕ ಅಂಗಡಿಗಳಲ್ಲಿ ಅವರು ಟೋಪಿಯನ್ನು ತಲೆಗಿಟ್ಟು ನೋಡುವಂತಿರಲಿಲ್ಲ. ಇಟ್ಟರೆ ಆ ಟೋಪಿಯನ್ನು ಬಿಳಿಯರು ಕೊಳ್ಳುವುದಿಲ್ಲವಂತೆ. ಅರವತ್ತು ವರ್ಷದ ಮುದುಕಿಯನ್ನೂ ಗುಮಾಸ್ತ ಹುಡುಗ ಹೆಸರು ಹಿಡಿದು, ಏಕವಚನದಲ್ಲೆನ್ನುವ ಹಾಗೆ ಕೂಗುತ್ತಿದ್ದ. ಈ ಊರಿನ ಮಟ್ಟಿಗೆ ರಿಚ್ಸ್ ಅಂಗಡಿ ಬೇರೆಯವರಿಗಿಂತ ಮೇಲು. ಕಪ್ಪು ಗಿರಾಕಿಗಳಿಗೂ ಅದು ಉದ್ದರಿ ಖಾತೆ ತೆರೆಯಿತು. ಅವರ ಹೆಸರಿಗೂ ಮಿಸ್ಟರ್, ಮಿಸೆಸ್ ಸೇರಿಸಿ ಕರೆಯಲು ಮೊದಲುಮಾಡಿದ ಅಂಗಡಿಗಳಲ್ಲಿ ಅದೂ ಒಂದು. ಅವರು ಹಿಂದಕ್ಕೆ ತಂದ ಸರಕಿಗೂ ಹಣ ಕೊಡುತ್ತಿತ್ತು.

ಆದರೆ ಕುಡಿಯುವ ನೀರಿನ ನಲ್ಲಿ ಬೇರೆ, ಶೌಚಗೃಹ ಬೇರೆ. ಮ್ಯಾಗ್ನೋಲಿಯ ರೂಮಿನ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ. ಕೆಳಗಿನ ಮಹಡಿಯಲ್ಲಿ ನೂರು ಡಾಲರಿನ ಬಟ್ಟೆ ಕೊಂಡು “ಥ್ಯಾಂಕ್ ಯೂ ಮಿಸೆಸ್” ಎನಿಸಿಕೊಂಡ ಹೆಂಗಸು ಆರನೆಯ ಮಹಡಿಯಲ್ಲಿ ಒಂದು ಬಟ್ಟಲು ಚಹಾ ಕೇಳಿದರೆ ಪೊಲೀಸರು ಬರುತ್ತಿದ್ದರು.

ಇದನ್ನು ಕೇಳಿ ನಾವು ದೂರದ ನಾಡಿನ ವಿಚಿತ್ರವೆಂದು ತಲೆಯಾಡಿಸುವ ಹಾಗಿಲ್ಲ. ಕಾಫಿ ಹೋಟೆಲಿನ ಹೊರಜಗಲಿಯ ಮೇಲೆ ಬೇರೆ ಲೋಟ ಇಟ್ಟಿರುತ್ತಿದ್ದುದನ್ನು ನಮ್ಮ ಹಿರಿಯರು ಕಂಡವರೇ. ಕೆಲವರು ಆ ಲೋಟದಲ್ಲಿ ಕುಡಿದವರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳನ್ನು ಹೆಸರು ಹಿಡಿದು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆನ್ನುತ್ತದೆ. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯಿದೆಯೂ ಬಂತು. ಅಮೆರಿಕದಲ್ಲಿ ಅಂಥ ಕಾಯಿದೆ ದೇಶಕ್ಕೆಲ್ಲ ಬಂದದ್ದು 1964ರಲ್ಲಿ. ಕಾಗದದ ಮೇಲೆ ನಾವು ಹದಿನಾಲ್ಕು ವರ್ಷ ಮುಂದಿದ್ದೆವು. ಲೋಟದ ವಿಷಯದಲ್ಲಿ ಎಷ್ಟು ಮುಂದಿದ್ದೆವೆಂಬುದನ್ನು ಅವರವರ ಊರನ್ನು ನೆನೆದು ಅವರವರೇ ಹೇಳಿಕೊಳ್ಳಬೇಕು.

ಆ ವೇಳೆಗೆ ಅಂಗಡಿಯ ಯಜಮಾನರಾಗಿದ್ದವರು ರಿಚರ್ಡ್ ರಿಚ್. ಮಾರಿಸರ ಮಗಳ ಮಗ. ತಂದೆಯ ಕಡೆಯ ಹೆಸರು ರೋಸೆನ್‌ಹೈಮ್. ಅದನ್ನು ಬಿಟ್ಟು ತಾತನ ಮನೆತನದ ಹೆಸರನ್ನು ಇಟ್ಟುಕೊಂಡಿದ್ದರು. ನಮ್ಮಲ್ಲಿ ದೌಹಿತ್ರನನ್ನು ದತ್ತು ತೆಗೆದುಕೊಳ್ಳುವುದಿಲ್ಲವೆ, ಹಾಗೆ. ಅವರನ್ನು ಕುರಿತು ಕಟುವಾಗಿ ಮಾತನಾಡುವ ಮುನ್ನ ಒಂದು ಸಂಗತಿ ನೆನಪಿರಬೇಕು. 1958ರ ಅಕ್ಟೋಬರ್ 12ರಂದು ಅಟ್ಲಾಂಟದ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಜನಾಂಗದ್ವೇಷಿಗಳು ಸಿಡಿಮದ್ದು ಇಟ್ಟು ಸಿಡಿಸಿದ್ದರು. ಆ ಮಂದಿರದ ಗುರುಗಳು ಕಪ್ಪು ಜನರ ಪರವಾಗಿ ಮಾತನಾಡುತ್ತಿದ್ದುದೇ ತಪ್ಪಾಗಿತ್ತು. ಯಹೂದಿ ವರ್ತಕನೊಬ್ಬ ಊರಿನ ಕಟ್ಟಳೆಯನ್ನು ತಾನೇ ಮೊದಲು ಮುರಿಯಲು ಅಂಜಿದರೆ ಆ ಅಂಜಿಕೆ ಸುಳ್ಳಲ್ಲ. ಬಿಳಿಯ ಗಿರಾಕಿಗಳು ಪಕ್ಕದ ಅಂಗಡಿಗೆ ಹೋದಾರೆಂಬ ಭಯ ಬೇರೆ. ಎಲ್ಲ ಅಂಗಡಿಗಳೂ ಒಪ್ಪಿದರೆ ತಾವೂ ಒಪ್ಪುವುದು ಎಂಬಲ್ಲಿಗೆ ಅವರು ನಿಂತರು. ಹೀಗೆ ಎಲ್ಲರೂ ಎಲ್ಲರನ್ನೂ ಕಾಯುತ್ತಿದ್ದರೆ ಯಾವ ಕೆಲಸವೂ ಆಗುವುದಿಲ್ಲವೆಂಬುದು ನಮ್ಮ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತು ಬಲ್ಲವರಿಗೆ ಗೊತ್ತು.

1960ರ ಫೆಬ್ರವರಿ 1ರಂದು ಉತ್ತರ ಕ್ಯಾರೊಲಿನದ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಂಗಡಿಯೊಂದರ ಉಪಾಹಾರದ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು, ಕೊಡದಿದ್ದಾಗ ಏಳಲಿಲ್ಲ. ಕಿಡಿ ಊರೂರಿಗೆ ಹಬ್ಬಿತು. ಅಟ್ಲಾಂಟದಲ್ಲಿ ಕಪ್ಪು ಜನರ ಆರು ಕಾಲೇಜುಗಳಿದ್ದವು. ಅಲ್ಲಿನ ವಿದ್ಯಾರ್ಥಿಗಳು ಲಾನಿ ಕಿಂಗ್, ಜೂಲಿಯನ್ ಬಾಂಡ್ ಮೊದಲಾದವರ ಮುಂದಾಳುತನದಲ್ಲಿ ಸಂಘ ಕಟ್ಟಿ, ಮಾರ್ಚ್ ತಿಂಗಳಿನಲ್ಲಿ ತಮ್ಮ ಬೇಡಿಕೆಗಳನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಎಲ್ಲಿಂದ ಆರಂಭಿಸುವುದು? ರಿಚ್ಸ್ ಅಂಗಡಿಯಿಂದಲೇ ಎಂದು ತೀರ್ಮಾನವಾಯಿತು. ಅದು ಊರಿನ ಅತಿ ದೊಡ್ಡ ಅಂಗಡಿ. ಅದು ಬಗ್ಗಿದರೆ ಉಳಿದವು ತಾವಾಗಿ ಬಗ್ಗುತ್ತವೆ. ಎಲ್ಲಕ್ಕಿಂತ ಕೆಟ್ಟ ಅಂಗಡಿಯನ್ನು ಬಿಟ್ಟು ಎಲ್ಲಕ್ಕಿಂತ ಒಳ್ಳೆಯದನ್ನು ಹಿಡಿದರಲ್ಲಾ ಎಂದು ರಿಚರ್ಡ್ ರಿಚ್ ಅವರಿಗೆ ನೋವಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ವಿದ್ಯಾರ್ಥಿಗಳ ಎಣಿಕೆ ಸರಿಯಾಗಿತ್ತು. ಮರ್ಯಾದೆಯ ಮಾತನ್ನು ಮರ್ಯಾದಸ್ಥನ ಮುಂದೆಯೇ ಎತ್ತಬೇಕು. ಉಳಿದವರಿಗೆ ಅದು ಕೇಳಿಸುವುದೇ ಇಲ್ಲ.

ವಿದ್ಯಾರ್ಥಿಗಳು ತಮ್ಮೊಂದಿಗೆ ಬರಬೇಕೆಂದು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೇಳಿಕೊಂಡರು. ಕಿಂಗ್ ಅವರು ಅಟ್ಲಾಂಟದಲ್ಲೇ ಹುಟ್ಟಿ ಬೆಳೆದವರು. ಆ ವರ್ಷವಷ್ಟೇ ಮಾಂಟ್‌ಗಾಮರಿಯಿಂದ ತಂದೆಯ ಊರಿಗೆ ಮರಳಿದ್ದರು. ಹಿಂದಿನ ವರ್ಷ, 1959ರಲ್ಲಿ, ಅವರು ಪತ್ನಿ ಕೊರೆಟ್ಟ ಅವರೊಂದಿಗೆ ಭಾರತಕ್ಕೆ ಬಂದು ಒಂದು ತಿಂಗಳಷ್ಟು ಕಾಲ ಸಂಚರಿಸಿ ಗಾಂಧೀಜಿಯವರ ಜತೆಗಾರರನ್ನು ಕಂಡು ಹೋಗಿದ್ದರು. ತಿರುವನಂತಪುರದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಅಸ್ಪೃಶ್ಯರ ಮಕ್ಕಳಿಗೆ ಪರಿಚಯಿಸುತ್ತ, ಇವರು ಅಮೆರಿಕದಿಂದ ಬಂದಿರುವ ನಿಮ್ಮಂಥವರೇ, ಅಲ್ಲಿನ ಅಸ್ಪೃಶ್ಯರು ಎಂದರಂತೆ. ಮೊದಲು ಸಿಟ್ಟು ಬಂದಿತೆಂದೂ ಆಮೇಲೆ ಯೋಚಿಸಿದಾಗ ಅದು ನಿಜವೆನಿಸಿತೆಂದೂ ಅವರೇ 1965ರಲ್ಲಿ ತಮ್ಮ ಚರ್ಚಿನ ಒಂದು ಉಪದೇಶದಲ್ಲಿ ಹೇಳಿದ್ದಾರೆ.

1960ರ ಅಕ್ಟೋಬರ್ 19, ಬುಧವಾರ. ಕಿಂಗ್ ಅವರೂ ವಿದ್ಯಾರ್ಥಿಗಳೂ ರಿಚ್ಸ್ ಅಂಗಡಿಗೆ ಬಂದು ಊಟ ಕೇಳಿದರು. ಹೊರಕ್ಕೆ ಹೋಗಿರೆಂದಾಗ ಹೋಗಲಿಲ್ಲ. ಅತಿಕ್ರಮ ಪ್ರವೇಶದ ಕಾಯಿದೆಯ ಮೇರೆಗೆ ಐವತ್ತು ಮಂದಿಯಷ್ಟು ಜನರನ್ನು ಪೊಲೀಸರು ಹಿಡಿದೊಯ್ದರು. ಜಾಮೀನು ಕೊಟ್ಟು ಹೊರಬರಲು ಕಿಂಗ್ ಅವರು ಒಪ್ಪಲಿಲ್ಲ. ಇದು ಅವರಿಗೆ ನಮ್ಮಿಂದ ಹೋದ ಪಾಠವೆಂದು ಹೆಮ್ಮೆಪಡಬಹುದು.

ಕೆಲವೇ ದಿನಗಳಲ್ಲಿ ನಗರಾಧ್ಯಕ್ಷ ಹಾರ್ಟ್ಸ್‌ಫೀಲ್ಡ್ ಮಧ್ಯೆ ಬಂದು ವಿದ್ಯಾರ್ಥಿಗಳನ್ನು ಬಿಡಿಸಿದರು. ಕಿಂಗ್ ಅವರಿಗೆ ಮಾತ್ರ ಬಿಡುಗಡೆಯಾಗಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಆ ಮೇ ತಿಂಗಳಿನಲ್ಲಿ ಅವರು ಲಿಲಿಯನ್ ಸ್ಮಿತ್ ಎಂಬ ಬಿಳಿಯ ಲೇಖಕಿಯನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದಾಗ ಪಕ್ಕದ ಡಿಕಾಲ್ಬ್ ಜಿಲ್ಲೆಯ ಪೊಲೀಸರು ತಡೆದಿದ್ದರು. ಕಿಂಗ್ ಅವರ ಬಳಿ ಇದ್ದ ವಾಹನ ಚಾಲನೆಯ ಪರವಾನೆ ಹಳೆಯ ಊರಿನದು, ಅಲಬಾಮದ್ದು. 25 ಡಾಲರು ದಂಡ, ಒಂದು ವರ್ಷ ಒಳ್ಳೆಯ ನಡತೆಯ ಷರತ್ತು. ಈಗ ಅಂಗಡಿಯಲ್ಲಿ ಊಟ ಕೇಳಿದ್ದು ಕೆಟ್ಟ ನಡತೆಯಾಯಿತಷ್ಟೆ! ಅಕ್ಟೋಬರ್ 25ರಂದು ನ್ಯಾಯಾಧೀಶರು ನಾಲ್ಕು ತಿಂಗಳ ಕಠಿಣ ಶಿಕ್ಷೆ ವಿಧಿಸಿದರು. ಆ ರಾತ್ರಿ ಬೆಳಗಾಗುವ ಮೊದಲೇ ಅವರನ್ನು ಎಬ್ಬಿಸಿ, ಕೈಕಾಲಿಗೆ ಸಂಕೋಲೆ ಹಾಕಿ, ಬಹುದೂರದ ರೀಡ್ಸ್‌ವಿಲ್ ಸೆರೆಮನೆಗೆ ಒಯ್ದರು. ಅಂಥ ಒಯ್ಯುವಿಕೆಯಿಂದ ಜೀವಂತ ಮರಳದವರ ಕಥೆಗಳು ಆ ನಾಡಿನಲ್ಲಿ ಬೇಕಾದಷ್ಟಿದ್ದವು. ಕೊರೆಟ್ಟ ಅವರು ಆಗ ಬಸುರಿ.

ಅಧ್ಯಕ್ಷ ಪದವಿಯ ಚುನಾವಣೆಗೆ ಎರಡು ವಾರವೂ ಇರಲಿಲ್ಲ. ಅಭ್ಯರ್ಥಿ ಜಾನ್ ಕೆನಡಿ ಅವರು ಕೊರೆಟ್ಟ ಅವರಿಗೆ ಟೆಲಿಫೋನು ಮಾಡಿ ಸಮಾಧಾನ ಹೇಳಿದರು. ತಮ್ಮ ರಾಬರ್ಟ್ ನ್ಯಾಯಾಧೀಶರಿಗೇ ಟೆಲಿಫೋನು ಮಾಡಿದರು. 27ರಂದು ಕಿಂಗ್ ಅವರು ಜಾಮೀನಿನ ಮೇಲೆ ಹೊರಬಂದರು. ಅದುವರೆಗೆ ಎದುರು ಪಕ್ಷದ ಕಡೆಗಿದ್ದ ಕಿಂಗ್ ಅವರ ತಂದೆ ತಮ್ಮ ಬೆಂಬಲ ಕೆನಡಿಯವರಿಗೆಂದು ಸಾರಿದರು. ಆರೂಮುಕ್ಕಾಲು ಕೋಟಿಗೂ ಮೀರಿದ ಮತಗಳಲ್ಲಿ ಕೆನಡಿ ಗೆದ್ದ ಅಂತರ 1,20,000ಕ್ಕೂ ಕಡಮೆ. ಜವಳಿ ಅಂಗಡಿಯ ಚಹಾಕೋಣೆ ಅಮೆರಿಕದ ಅಧ್ಯಕ್ಷನನ್ನು ಆರಿಸಿತೆಂದರೆ ಅತಿಶಯೋಕ್ತಿಯಾದೀತು. ತಕ್ಕಡಿಗೆ ಅದೂ ಒಂದು ಗುಲಗಂಜಿಯ ತೂಕ ಹಾಕಿತೆಂದರೆ ಒಪ್ಪತಕ್ಕ ಮಾತೇ.

ಇತ್ತ ಅಂಗಡಿಯ ಮುಂದೆ ವಿದ್ಯಾರ್ಥಿಗಳು ಹಲಗೆ ಹಿಡಿದು ನಡೆದಾಡುತ್ತಲೇ ಇದ್ದರು. ಕಪ್ಪು ಜನರು ಪೇಟೆಯ ಕಡೆಗೆ ಸುಳಿಯುವುದನ್ನೇ ಬಿಟ್ಟರು. ಮನೆಮನೆಯ ಹೆಂಗಸರು ತಮ್ಮ ಉದ್ದರಿ ಖಾತೆಗಳನ್ನು ಮುಚ್ಚಿದರು. ಇದನ್ನು ಹಗುರಾಗಿ ಎಣಿಸಬೇಡಿ. ಬೇರೆಲ್ಲೂ ಸಾಲ ಹುಟ್ಟದ ಕುಟುಂಬಕ್ಕೆ ಊರಿನ ದೊಡ್ಡ ಅಂಗಡಿಯಲ್ಲಿ ತನ್ನ ಹೆಸರಿನ ಖಾತೆ ಇರುವುದು ಒಂದು ಪದವಿ. ಮಕ್ಕಳ ಶಾಲೆಯ ಬಟ್ಟೆ, ಚಳಿಗಾಲದ ಕೋಟು ಆ ಖಾತೆಯ ಮೇಲೆ ಬರುತ್ತಿತ್ತು. ಅಂಥ ಖಾತೆಯನ್ನು ಅವರು ತಾವಾಗಿ ಅಂಗಡಿಗೆ ಒಪ್ಪಿಸಿದರು. ಎಂಥ ಸರಕನ್ನೂ ಹಿಂದಕ್ಕೆ ಪಡೆಯುತ್ತೇವೆಂದು ಹೆಸರಾಗಿದ್ದ ಅಂಗಡಿಗೆ, ಅದು ಕೊಟ್ಟಿದ್ದ ಮರ್ಯಾದೆಯನ್ನೇ, ಇದು ಪೂರ್ತಿಯಾಗಿಲ್ಲ ಎಂದು, ಹಿಂದಕ್ಕೆ ತಂದುಕೊಟ್ಟ ಹಾಗಾಯಿತು.

ಕ್ರಿಸ್ಮಸ್ಸಿನ ವ್ಯಾಪಾರ ಕುಸಿಯಿತು. ವರ್ತಕರ ಮಂಡಲಿಯ ಅಧ್ಯಕ್ಷ ಐವನ್ ಅಲನ್ ಮತ್ತು ಕಪ್ಪು ಜನರ ಹಿರಿಯ ವಕೀಲ ಎ. ಟಿ. ವಾಲ್ಡನ್ ಮಾತುಕತೆಗೆ ಕುಳಿತರು. 1961ರ ಮಾರ್ಚ್ 7ರಂದು ಒಪ್ಪಂದ ಹೊರಬಿತ್ತು: ಆ ವರ್ಷ ಶಾಲೆಗಳಲ್ಲಿ ಭೇದ ಕೊನೆಗೊಂಡ ಮೇಲೆ ಅಂಗಡಿಗಳೂ ಅದನ್ನು ಕೊನೆಗೊಳಿಸುವುವು. ಅಂದರೆ ಇನ್ನೂ ಆರು ತಿಂಗಳು ಕಾಯಬೇಕು. ಯುವಕರು ಕೆರಳಿದರು; ಹಿರಿಯರು ತಮ್ಮನ್ನು ಮಾರಿಬಿಟ್ಟರೆಂದರು. ಮಾರ್ಚ್ 10ರ ರಾತ್ರಿ ಚರ್ಚಿನಲ್ಲಿ ಸೇರಿದ ಸಭೆಯಲ್ಲಿ ಕಿಂಗ್ ಅವರ ತಂದೆಯನ್ನೇ ಜನ ಕೂಗಿ ಕೂರಿಸಹೊರಟರು. ಆಗ ಮಗ ಎದ್ದು ನಿಂತು, ಒಡಕಿನಿಂದ ಉಳಿಯುವುದು ಏನೂ ಇಲ್ಲವೆಂದು ತಿಳಿಯಹೇಳಿ ಸಭೆಯನ್ನು ಶಾಂತಗೊಳಿಸಬೇಕಾಯಿತು. ಆಗಸ್ಟ್ 30ರಂದು ಒಂಬತ್ತು ಮಂದಿ ಕಪ್ಪು ಮಕ್ಕಳು ಬಿಳಿಯರ ಪ್ರೌಢಶಾಲೆಗಳಿಗೆ ಗಲಭೆಯಿಲ್ಲದೆ ಸೇರಿದರು. ಸೆಪ್ಟೆಂಬರಿನ ಕೊನೆಯಲ್ಲಿ ಮ್ಯಾಗ್ನೋಲಿಯ ರೂಮಿನ ಬಾಗಿಲೂ ತೆರೆಯಿತು. ಆಕಾಶವೇನೂ ಕಳಚಿಬೀಳಲಿಲ್ಲ. ಬಿಳಿಯ ಗಿರಾಕಿಗಳು ಓಡಿಹೋಗಲೂ ಇಲ್ಲ. ಕೇಕು ತಿನ್ನಲು ಎಂದಿನಂತೆ ಬಂದರು. ಹೆದರಿದ್ದಷ್ಟು ಏನೂ ಆಗಲಿಲ್ಲವೆಂದಾಗ ಮೊದಲೇ ಏಕೆ ಮಾಡಲಿಲ್ಲವೆಂಬ ಪ್ರಶ್ನೆ ಏಳುತ್ತದೆ. ಒಂದು ವರ್ಷ ಮೊದಲು ಮಾಡಿದ್ದರೆ ರಿಚ್ಸ್ ಅಂಗಡಿಗೆ ಬರಬಹುದಾಗಿದ್ದ ಕೀರ್ತಿಯನ್ನು ಅದರ ಯಜಮಾನರು ತಾವೇ ಕಳೆದುಕೊಂಡರೆಂದೇ ನನ್ನ ಅಭಿಪ್ರಾಯ. ಮಂದಿರದಲ್ಲಿ ಸಿಡಿದ ಮದ್ದನ್ನು ನೆನೆದುಕೊಂಡೂ ಹೀಗೆ ಹೇಳುತ್ತೇನೆ.

ಉಳಿದ ಕಥೆ ಬೇಗ ಮುಗಿಯುತ್ತದೆ. ಜನ ಊರ ಹೊರಗಿನ ಬಡಾವಣೆಗಳಿಗೆ ಹೋದಂತೆ ಅಂಗಡಿಯೂ ಅವರ ಹಿಂದೆ ಹೋಯಿತು. 1959ರಲ್ಲಿ ಲೆನಾಕ್ಸ್ ಸ್ಕ್ವೇರಿನಲ್ಲಿ ದೊಡ್ಡ ಶಾಖೆ. ಅಲ್ಲಿಂದ ಮುಂದೆ ಊರಿನ ಸುತ್ತ ಒಂದಾದ ಮೇಲೊಂದು. ಪಕ್ಕದ ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲೂ ಶಾಖೆಗಳು. ಅಗ್ಗದ ಸರಕಿಗೆಂದೇ ರಿಚ್‌ವೇ ಎಂಬ ಇನ್ನೊಂದು ಸಾಲು. 1975ರಲ್ಲಿ ರಿಚರ್ಡ್ ರಿಚ್ ತೀರಿಕೊಂಡರು. ಮರುವರ್ಷವೇ ಅಂಗಡಿಗಳೆಲ್ಲ ಫೆಡರೇಟೆಡ್ ಎಂಬ ದೊಡ್ಡ ಕಂಪೆನಿಗೆ ಸೇರಿದವು. ಹೆಸರು ಮಾತ್ರ ಉಳಿಯಿತು. 1988ರಲ್ಲಿ ಕೆನಡದ ಕಾಂಪೊ ಎಂಬಾತ ಸಾಲದ ಹಣದಿಂದ ಆ ಕಂಪೆನಿಯನ್ನೇ ಕೊಂಡ. ಎರಡು ವರ್ಷದೊಳಗೆ ದಿವಾಳಿ. ಸರಕು ಹಿಂದಕ್ಕೆ ಪಡೆಯುವ ಔದಾರ್ಯ ಎಲ್ಲಿ ಕರಗಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ ಗಿರಾಕಿಯ ಮುಖ ಕಾಣದಷ್ಟು ದೂರದಲ್ಲಿ ಯಜಮಾನ ಕುಳಿತಾಗ ಅಂಥ ಔದಾರ್ಯ ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದೇ ಕಾಣುತ್ತದೆ.

ನಡುಪೇಟೆಯ ಹಳೆಯ ಅಂಗಡಿಯನ್ನು 1991ರಲ್ಲಿ ಮುಚ್ಚಿದರು. ಕ್ರಿಸ್ಮಸ್ ಮರ ಬೇರೆಡೆಗೆ ಹೋಯಿತು. ಬೀದಿಯಾಚೆಯ ಕಟ್ಟಡವನ್ನೂ ಗಾಜಿನ ಸೇತುವೆಯನ್ನೂ ಕೆಡವಿದರು. 2003ರಲ್ಲಿ ಉಳಿದ ಶಾಖೆಗಳ ಹಲಗೆಯ ಮೇಲೆ ರಿಚ್ಸ್ ಎಂಬುದರ ಪಕ್ಕದಲ್ಲಿ ನ್ಯೂಯಾರ್ಕಿನ ಮೇಸೀಸ್ ಎಂಬ ಹೆಸರು ಬಂತು; 2005ರ ಮಾರ್ಚಿನಲ್ಲಿ ಹಳೆಯ ಹೆಸರನ್ನು ಇಳಿಸಿದರು. 1924ರ ಕಟ್ಟಡವನ್ನು ಮಾತ್ರ ಕೆಡವದೆ, ಕೇಂದ್ರ ಸರಕಾರದ ಕಚೇರಿಗಳ ದೊಡ್ಡ ಸಮುಚ್ಚಯದೊಳಕ್ಕೆ ಸೇರಿಸಿಕೊಂಡಿದ್ದಾರೆ. ಕೆಂಪು ಕೆಸರಿನ ಮೇಲೆ ಹಲಗೆ ಹಾಸಿದ್ದ ಬೀದಿ ಅಲ್ಲಿಂದ ಕೂಗಳತೆಯ ದೂರದಲ್ಲಿದೆ.